ಕರೆಗೆ ಓಗೊಡುವ ಹುಡುಗಿ

ಬೆಂಗಳೂರಿಗೆ ಹೋಗಿ ಬಂದೆ ಎಂದರೆ ನೆರೆಮನೆಯವರು ಕೇಳುವುದು ಲಾಲ್‌ಬಾಗಿನ ಗಾಜಿನ ಮನೆಯನ್ನು, ಚಿಕ್ಕಪೇಟೆಯ ಸೀರೆಗಳನ್ನು. ಈ ಸಲ ನಾನು ಎರಡನ್ನೂ ನೋಡಲಿಲ್ಲ ಸೋದರಿಯರೇ. ತಿಪಟೂರಿನಲ್ಲಿ ಬಸ್ಸು ಹತ್ತಿದವಳು ತುಮಕೂರು ರಸ್ತೆಯ ದಾಸರಹಳ್ಳಿಯಲ್ಲೇ ಇಳಿದು, ಅಕ್ಕನ ಮಗಳ ಬಾಡಿಗೆ ಮನೆಯಲ್ಲಿ ಹತ್ತು ದಿನ ಇದ್ದು ಬಂದೆ.

ಹೋದದ್ದು ಸುಮ್ಮನೆ ಅಲ್ಲ. "ಹೇಗಾದರೂ ಮಾಡಿ ಆ ರಾತ್ರಿ ಪಾಳಿ ಕೆಲಸ ಬಿಡಿಸು. ಬಂದ ಗಂಡಿನ ಕಡೆಯವರೆಲ್ಲ ಅದನ್ನೇ ಕೇಳುತ್ತಾರೆ" ಎಂದು ಅಕ್ಕ ಕಣ್ಣೀರು ಹಾಕಿ ಕಳಿಸಿದ್ದಳು. ನಮ್ಮ ಪುಟ್ಟಿ ಪೊಲೀಸ್ ಕಾನ್‌ಸ್ಟೆಬಲ್. ಲಾಠಿ ಹಿಡಿದು ನಿಲ್ಲುವ ಕೆಲಸ ಎಂದುಕೊಂಡಿದ್ದೆ. ಅಲ್ಲವಂತೆ. ಕಂಟ್ರೋಲ್ ರೂಮಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆಪತ್ತಿನಲ್ಲಿ 112 ಒತ್ತಿದವರ ಬಳಿಗೆ ಹೊಯ್ಸಳ ಗಾಡಿ ಕಳಿಸುವ ಕೆಲಸ. ಹಗಲು ಮಲಗಿದರೆ ಕುಕ್ಕರ್ ಮೂರು ಸಲ ಕೂಗಿದರೂ ಏಳಳು. ಮೊಬೈಲ್ ಒಮ್ಮೆ ಗುಂಯ್ ಎಂದರೆ ಸಾಕು, ಎದ್ದು ಕೂರುತ್ತಾಳೆ!

ಅವಳ ಮನೆಯ ಮುಂದಿನ ಬೀದಿ ಬೆಳಗಾದರೆ ಜಾತ್ರೆ. ಪೀಣ್ಯದ ಗಾರ್ಮೆಂಟ್ಸಿಗೆ, ಸಣ್ಣಪುಟ್ಟ ಕಾರ್ಖಾನೆಗಳಿಗೆ ಹೆಂಗಸರು ಟಿಫನ್ ಬಾಕ್ಸ್ ಹಿಡಿದು ಗುಂಪುಗುಂಪಾಗಿ ನಡೆಯುತ್ತಾರೆ. 1970ರ ದಶಕದಿಂದ ಬೆಳೆದ ಈ ಕೈಗಾರಿಕಾ ಪ್ರದೇಶ ಎಷ್ಟು ಮನೆಗಳ ಒಲೆ ಉರಿಸುತ್ತಿದೆಯೋ! ನಮ್ಮ ಹಾಸನ, ಮಂಡ್ಯದವರೂ ಇದ್ದಾರೆ, ಒಡಿಶಾ, ಬಿಹಾರದವರೂ ಇದ್ದಾರೆ.

ಪುಟ್ಟಿಗೆ ರಜೆ ಸಿಕ್ಕಿದ ದಿನ ಮೆಟ್ರೋದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಕರೆದುಕೊಂಡು ಹೋದಳು. ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಹಿಡಿದೆವು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕನಸು ಕಂಡು, 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಹುಟ್ಟಿದ ಊರಿದು. ನಾನು ಗಾಜಿನ ಕಟ್ಟಡಗಳನ್ನು ಬಾಯಿಬಿಟ್ಟು ನೋಡುತ್ತಿದ್ದರೆ, ಅವಳು ಬೀದಿಬದಿಯ ಬೋರ್ಡುಗಳನ್ನು ಓದುತ್ತಿದ್ದಳು.

"ಏನೇ ಅದು?" ಎಂದೆ.

"ಗುರುತು ಇಟ್ಕೋತಿದೀನಿ ಚಿಕ್ಕಮ್ಮ. ಎಲ್ಲಿದೀರಿ ಅಂದ್ರೆ ಜನ 'ಆಫೀಸ್ ಹತ್ರ' ಅಂತಾರೆ. ಫಸ್ಟ್ ಕ್ರಾಸ್ ಅಂತಾರೆ. ಬೆಂಗಳೂರಲ್ಲಿ ಫಸ್ಟ್ ಕ್ರಾಸ್ ಎಷ್ಟಿದಾವೋ!"

ಇನ್ನೊಂದು ಸಂಗತಿ ಹೇಳಿದಳು. ಎಲೆಕ್ಟ್ರಾನಿಕ್ ಸಿಟಿ ಠಾಣೆ ಬೆಂಗಳೂರು ನಗರ ಪೊಲೀಸರದ್ದು. ಸ್ವಲ್ಪ ಮುಂದೆ ಹೋದರೆ ಹೆಬ್ಬಗೋಡಿ, ಅದು ಬೆಂಗಳೂರು ಜಿಲ್ಲಾ ಪೊಲೀಸರದ್ದು. "ಗಡಿ ನಮ್ಮ ತಲೆನೋವು, ಕರೆ ಮಾಡಿದವರದ್ದಲ್ಲ" ಎಂದಳು. ದೂರು ಕೊಡುವುದಕ್ಕೂ ಅಷ್ಟೇ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು.

ಮರುವಾರ ವೈಟ್‌ಫೀಲ್ಡ್. 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಮೀನಿನಲ್ಲಿ ಎದ್ದ ಹಳ್ಳಿ, ವೈಟ್ ಎಂಬವರ ಹೆಸರು. ಈಗ ಬೀದಿಬೀದಿಗೂ ಪೀಜಿಗಳು. ತಂತಿಯ ಮೇಲೆ ಚೂಡಿದಾರಗಳು, ಒಂದೊಂದು ಕೋಣೆಯಲ್ಲೂ ಒಂದೊಂದು ಭಾಷೆ. ಅವರನ್ನು ನೋಡಿದಾಗ 2005ರ ಡಿಸೆಂಬರ್ ನೆನಪಾಯಿತು. ರಾತ್ರಿ ಪಾಳಿಗೆಂದು ಕಾರು ಹತ್ತಿದ ಬೆಂಗಳೂರಿನ ಕಾಲ್ ಸೆಂಟರ್ ಯುವತಿಯೊಬ್ಬಳು ಚಾಲಕನ ಕೈಯಲ್ಲಿ ಕೊಲೆಯಾದಳು. ನಮ್ಮೂರಲ್ಲೂ ಆಗ ಎಷ್ಟೋ ತಂದೆತಾಯಿ ಮಗಳನ್ನು ಬೆಂಗಳೂರಿಗೆ ಕಳಿಸಲು ಹಿಂಜರಿದರು.

2012ರ ದೆಹಲಿಯ ಘಟನೆಯ ನಂತರ ಕೇಂದ್ರ ಸರ್ಕಾರ ನಿರ್ಭಯಾ ನಿಧಿ ತೆಗೆದಿರಿಸಿತು. ಪೊಲೀಸಿಗೆ 100, ಬೆಂಕಿಗೆ 101, ಆಂಬುಲೆನ್ಸಿಗೆ 108 ಎಂದು ನೆನಪಿಡುವ ಬದಲು ದೇಶಕ್ಕೆಲ್ಲ ಒಂದೇ ಸಂಖ್ಯೆ 112 ಎಂಬ ಯೋಜನೆ ಆ ಹಣದಲ್ಲೇ ಬಂದದ್ದು. ಕರ್ನಾಟಕದಲ್ಲಿ ಅದು 2019ರಲ್ಲಿ ಶುರುವಾಯಿತು. ಬೆಂಗಳೂರಿಗೆ ಮಾತ್ರ ಎಂದುಕೊಳ್ಳಬೇಡಿ. ತಿಪಟೂರಿನಿಂದ ಒತ್ತಿದರೂ ಕೆಲಸ ಮಾಡುತ್ತದೆ, ನಮ್ಮ ಜಿಲ್ಲೆಯ ಗಾಡಿಯೇ ಬರುತ್ತದೆ.

ಕೆಲಸ ನಡೆಯುವುದು ಹೀಗೆ. ಒಬ್ಬರು ಕರೆ ತೆಗೆದುಕೊಂಡು ಏನಾಯಿತು, ಎಲ್ಲಿ ಎಂದು ಕೇಳಿ ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಅದು ಗಾಡಿ ಕಳಿಸುವವರ ಮುಂದೆ ಮೂಡುತ್ತದೆ. ಅವರ ಪರದೆಯ ನಕ್ಷೆಯಲ್ಲಿ ಯಾವ ಹೊಯ್ಸಳ ಎಲ್ಲಿದೆ ಎಂದು ಕಾಣುತ್ತದೆ. ಹತ್ತಿರದ್ದಕ್ಕೆ ಸಂದೇಶ ಹೋಗುತ್ತದೆ. ತಲುಪಿದ ಮೇಲೆ ಗಾಡಿಯವರು ತಿಳಿಸಬೇಕು. ಫೋನಿನ ಟವರಿನಿಂದಲೂ ಜಾಗ ಸಿಗುತ್ತದೆ. ಆದರೆ ಅದು ಸುಮಾರಿನ ಜಾಗ, ಆ ಸುಮಾರಿನಲ್ಲಿ ನೂರಾರು ಮನೆ.

ಒಂದು ರಾತ್ರಿ ಊಟಕ್ಕೆ ಕೂತಾಗ, ಹೆಸರು ಜಾಗ ಹೇಳದೆ ಒಂದು ಕರೆಯ ವಿಷಯ ಹೇಳಿದಳು. ಆ ದಿನ ಕರೆ ತೆಗೆಯುವ ಸರದಿ ಇವಳದು. ಒಬ್ಬ ಹೆಂಗಸು ಪಿಸುಮಾತಿನಲ್ಲಿ, ಗಂಡ ಕುಡಿದು ಬಂದು ಬಾಗಿಲು ಒಡೆಯುತ್ತಿದ್ದಾನೆ ಎಂದಳಂತೆ. ಹೊರರಾಜ್ಯದವಳು, ಬಂದು ಎರಡೇ ತಿಂಗಳು. ಬಡಾವಣೆಯ ಹೆಸರೂ ಗೊತ್ತಿಲ್ಲ. ಕಿಟಕಿಯಿಂದ ಏನು ಕಾಣುತ್ತೆ ಎಂದರೆ ನೀರಿನ ಟ್ಯಾಂಕು, ಒಂದು ಮರ. ಪುಟ್ಟಿ ಕೇಳಿದಳಂತೆ, "ಮಕ್ಕಳಿದ್ದಾರಾ? ಶಾಲೆಗೆ ಹೋಗುವ ಮಗು ಇದ್ದರೆ ಫೋನ್ ಕೊಡಿ." ಎಂಟು ವರ್ಷದ ಹುಡುಗಿ ಫೋನ್ ಹಿಡಿದು ಶಾಲೆಯ ಹೆಸರು ಹೇಳಿತು, ಅಲ್ಲಿಂದ ಮನೆಗೆ ಎರಡು ತಿರುವು ಹೇಳಿತು. ಗಾಡಿ ಹೊರಟಿತು. ಬಾಗಿಲಲ್ಲಿ ಪೊಲೀಸರ ದನಿ ಕೇಳುವವರೆಗೂ ಇವಳು ಆ ಮಗುವಿನ ಜೊತೆ ಮಾತಾಡುತ್ತಲೇ ಇದ್ದಳಂತೆ, ನಿನ್ನ ಮಿಸ್ ಹೆಸರೇನು, ಮಧ್ಯಾಹ್ನ ಏನು ಊಟ ಮಾಡಿದೆ ಎಂದು.

"ಆಮೇಲೆ?" ಎಂದೆ. ನನ್ನ ತುತ್ತು ಕೈಯಲ್ಲೇ ಇತ್ತು.

"ಗೊತ್ತಿಲ್ಲ ಚಿಕ್ಕಮ್ಮ. ತಲುಪಿದ್ವಿ ಅಂತ ಗಾಡಿಯವರು ಹೇಳಿದ್ರು. ನನಗೆ ಮುಂದಿನ ಕರೆ ಬಂತು."

ಎದ್ದು ತಟ್ಟೆ ತೊಳೆಯಲು ಹೋದಳು. ಕೆಲಸ ಬಿಡು ಎಂಬ ಮಾತು ನನ್ನ ಗಂಟಲಲ್ಲೇ ಉಳಿಯಿತು.

ಬರುವ ದಿನ ಅವಳು ನಿಮಗೂ ಸೇರಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. 112ಕ್ಕೆ ಕರೆ ಮಾಡಿದಾಗ ಮೊದಲು ಜಾಗ ಹೇಳಿ, ಆಮೇಲೆ ಕಥೆ. ಲೈನು ಕಟ್ಟಾದರೂ ಜಾಗ ಅವರಿಗೆ ಸಿಕ್ಕಿರುತ್ತದೆ. ಹೊಸ ಜಾಗವಾದರೆ ಹತ್ತಿರದ ಅಂಗಡಿಯ ಬೋರ್ಡು ಓದಿ, ಬಹಳ ಬೋರ್ಡುಗಳಲ್ಲಿ ವಿಳಾಸ ಇರುತ್ತದೆ. ಗಾಡಿಯವರು ದಾರಿ ಕೇಳಲು ಫೋನ್ ಮಾಡುತ್ತಾರೆ, ಎತ್ತಿಕೊಳ್ಳಿ. ಮಗು ಆಟಕ್ಕೆ ಒತ್ತಿಬಿಟ್ಟಿತೇ? ಹೆದರಿ ಕತ್ತರಿಸಬೇಡಿ, ತಪ್ಪಿ ಬಂತು ಎಂದು ಹೇಳಿ. ಇಲ್ಲದಿದ್ದರೆ ನಿಮಗೇನಾಯಿತೋ ಎಂದು ಅಲ್ಲಿ ಚಿಂತೆ ಹತ್ತುತ್ತದೆ. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098, ಫೋನಿನಲ್ಲಿ ಹಣ ಮೋಸವಾದರೆ ತಡಮಾಡದೆ 1930.

ತಿಪಟೂರಿಗೆ ಬಂದ ಸಂಜೆ ನನ್ನ ಏಳು ವರ್ಷದ ಮೊಮ್ಮಗನನ್ನು ಕೇಳಿದೆ, "ನಮ್ಮ ಮನೆ ಎಲ್ಲಿದೆಯೋ?" "ಇಲ್ಲೇ!" ಎಂದ. ನಗು ಬಂತು, ಭಯವೂ ಆಯಿತು. ಮೂರು ದಿನ ಶ್ಲೋಕದಂತೆ ವಿಳಾಸ ಬಾಯಿಪಾಠ ಮಾಡಿಸಿದೆ.

ಅಕ್ಕ ಫೋನ್ ಮಾಡಿ, "ಒಪ್ಪಿದಳಾ?" ಎಂದಳು.

"ನಾನು ಕೇಳಲೇ ಇಲ್ಲ ಕಣಕ್ಕ. ಅವಳ ಕೆಲಸ ಬೇಡ ಅನ್ನುವ ಮನೆ ನಮಗೂ ಬೇಡ. ಬೇರೆ ಗಂಡು ನೋಡೋಣ" ಎಂದೆ.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ರಾತ್ರಿ ಊಟಕ್ಕೆ ಏನು ಒಯ್ಯುತ್ತಾಳಂತೆ?" ಎಂದು ಕೇಳಿದಳು.