ಆನೆ ಅಂದ್ರೆ ಯಾರ ಆನೆ?



ಜಾತಿ ಬಗ್ಗೆ ಇಂಗ್ಲಿಷಿನಲ್ಲಿ ಬರೆಯೋರು ಒಂದು ಮಾತನ್ನ ಪದೇ ಪದೇ ಬಳಸ್ತಾರೆ. ‘ಎಲಿಫೆಂಟ್ ಇನ್ ದ ರೂಮ್’. ಕೋಣೆಯೊಳಗೆ ಆನೆ ನಿಂತಿದೆ, ಎಲ್ಲರಿಗೂ ಕಾಣ್ತಿದೆ, ಯಾರೂ ಬಾಯಿ ಬಿಡಲ್ಲ ಅಂತ ಅರ್ಥ. ಮಾತು ಚೆನ್ನಾಗೇ ಇದೆ. ಆದರೆ ಅದು ಕುರ್ಚಿ ಮೇಲೆ ಕೂತವರ ಮಾತು. ಆನೆಯನ್ನ ನೋಡಿಯೂ ನೋಡದ ಹಾಗೆ ಕಾಫಿ ಕುಡೀತಾ ಇರಬೇಕು ಅಂದ್ರೆ ಅದು ನಿಮ್ಮಿಂದ ನಾಲ್ಕು ಮಾರು ದೂರ ಇರಬೇಕು. ಕಾಲಡಿಗೆ ಸಿಕ್ಕವನಿಗೆ ಆ ಸೌಕರ್ಯ ಇಲ್ಲ.

ಟರ್ಕಿಯವರೂ ಈ ಮಾತನ್ನ ತಮ್ಮ ಭಾಷೆಗೆ ತಂದುಕೊಂಡಿದ್ದಾರೆ. ಅವರ ಭಾಷೆಯಲ್ಲಿ ಆನೆಗೆ ‘ಫಿಲ್’ ಅಂತಾರೆ. ಇದು ನನಗೆ ಗೊತ್ತಾಗಿದ್ದು ಮಗಳಿಂದ. ಅವಳು ಫೋನಿನಲ್ಲಿ ಚೆಸ್ ಆಡ್ತಾಳೆ. “ಅಪ್ಪಾ, ನಾವು ಬಿಷಪ್ ಅನ್ನೋ ಕಾಯಿಗೆ ಟರ್ಕಿಯವರು ಆನೆ ಅಂತಾರಂತೆ” ಅಂದಳು. ಅಲ್ಲಿಂದ ಶುರುವಾಯ್ತು ನನ್ನ ಹುಡುಕಾಟ.

ಆಟ ಹುಟ್ಟಿದ್ದು ಈ ನೆಲದಲ್ಲಿ. ಚತುರಂಗ ಅಂದ್ರೆ ಸೈನ್ಯದ ನಾಲ್ಕು ಅಂಗ: ಆನೆ, ಕುದುರೆ, ರಥ, ಕಾಲಾಳು. ಅದು ಪರ್ಷಿಯಾಕ್ಕೆ ಹೋದಾಗ ಆನೆ ‘ಪೀಲ್’ ಆಯ್ತು. ಅರಬ್ಬಿಯಲ್ಲಿ ‘ಪ’ ಅಕ್ಷರ ಇಲ್ಲ, ಹಾಗಾಗಿ ‘ಫೀಲ್’. ಅಲ್ಲಿಂದ ಟರ್ಕಿಗೆ ‘ಫಿಲ್’. ಸ್ಪೇನಿನಲ್ಲಿ ಇವತ್ತಿಗೂ ಆ ಕಾಯಿಗೆ ‘ಅಲ್ಫಿಲ್’ ಅಂತಾರೆ. ಇಂಗ್ಲಿಷರು ಆನೆಯನ್ನ ಇಳಿಸಿ ಆ ಜಾಗದಲ್ಲಿ ಪಾದ್ರಿಯನ್ನ ಕೂರಿಸಿದರು. ಕಾಲಾಳಿನ ಹಣೆಬರಹ ಮಾತ್ರ ಎಲ್ಲೂ ಬದಲಾಗಲಿಲ್ಲ. ಇಂಗ್ಲಿಷಿನ ‘ಪಾನ್’, ನಮ್ಮ ಆಫೀಸಿನ ‘ಪ್ಯೂನ್’ ಎರಡೂ ಒಂದೇ ಬೇರಿನ ಪದಗಳು. ಜರ್ಮನ್ನರಲ್ಲಿ ಆ ಕಾಯಿ ರೈತ. ಮೊದಲು ಸಾಯೋನು ಅವನೇ.

‘ಎಲಿಫೆಂಟ್’ ಅನ್ನೋ ಪದದ ಕಥೆ ಇನ್ನೂ ವಿಚಿತ್ರ. ಅದು ಗ್ರೀಕರ ‘ಎಲೆಫಾಸ್’ನಿಂದ ಬಂದದ್ದು. ಹೋಮರನ ಕಾವ್ಯಗಳಲ್ಲಿ ಆ ಪದಕ್ಕೆ ಅರ್ಥ ಆನೆ ಅಲ್ಲ, ದಂತ. ಅವರ ಕೈಗೆ ಮೊದಲು ಬಂದದ್ದು ಮಾಲು. ಆ ದಂತ ಯಾವ ಪ್ರಾಣಿಯ ಬಾಯಿಂದ ಕಿತ್ತದ್ದು ಅನ್ನೋದು ಆಮೇಲಿನ ಮಾತು. ಟರ್ಕಿಯವರ ‘ಫಿಲ್‌ದಿಶಿ’ ಹಾಗಲ್ಲ, ನೇರವಾಗಿ ‘ಆನೆ ಹಲ್ಲು’. ಹಲ್ಲಿನ ಜೊತೆ ಆನೆಯ ಹೆಸರೂ ಇದೆ. ಇದನ್ನ ಓದಿದಾಗ ನಮ್ಮ ಜನಾನೇ ನೆನಪಾದರು. ಊರಿಗೆ ಚಪ್ಪಲಿ ಗೊತ್ತು, ತಮಟೆ ಸದ್ದು ಗೊತ್ತು, ಗುಡಿಸಿದ ಬೀದಿ ಗೊತ್ತು. ಹೊಲಿದವನು, ಬಡಿದವನು, ಗುಡಿಸಿದವಳು ಗೊತ್ತಿಲ್ಲ.

1398ರಲ್ಲಿ ತೈಮೂರ ದೆಹಲಿ ಲೂಟಿ ಮಾಡಿ ಆನೆಗಳನ್ನ ಹೊಡ್ಕೊಂಡು ಹೋದ. 1402ರಲ್ಲಿ ಅಂಕಾರಾದಲ್ಲಿ ಟರ್ಕಿಯ ಸುಲ್ತಾನ ಬಯಾಝೀದನ ಮೇಲೆ ಯುದ್ಧಕ್ಕೆ ನಿಂತಾಗ ತೈಮೂರನ ಕಡೆ ಹಿಂದೂಸ್ತಾನದ ಆನೆಗಳಿದ್ದವು. ಆನೆ ತಾನಾಗೇ ಅಷ್ಟು ದೂರ ನಡೆಯಲ್ಲ. ಓಡಿಸೋರು, ಮೇವು ಹಾಕೋರು, ಲದ್ದಿ ಬಾಚೋರು ಜೊತೆಗೆ ಹೋಗಿರಲೇಬೇಕು. ತೈಮೂರನ ಹೆಸರು ಉಳೀತು, ಬಯಾಝೀದನ ಹೆಸರು ಉಳೀತು. ಒಬ್ಬ ಮಾವುತನ ಹೆಸರೂ ನಾನು ಓದಿದ್ದರಲ್ಲಿ ಸಿಗಲಿಲ್ಲ.

ಈಗ ಇವೆಲ್ಲ ಯಾಕೆ ಅಂತ ಹೇಳ್ತೀನಿ.

ಒಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ಎಸ್‌ಸಿ ಮಕ್ಕಳ ಹಾಸ್ಟೆಲ್ ವಿಷಯ ಬಂತು. ನೀರಿಲ್ಲ, ಶೌಚಾಲಯದ ಬಾಗಿಲು ಮುರಿದಿದೆ, ಒಂದು ಮಂಚಕ್ಕೆ ಇಬ್ಬರು ಮಕ್ಕಳು. ದೊಡ್ಡ ಸಾಹೇಬರೊಬ್ಬರು, “ಈ ಹಾಸ್ಟೆಲ್‌ಗಳು ಬಿಳಿ ಆನೆ ಕಣ್ರೀ, ಎಷ್ಟು ಸುರಿದರೂ ಅಷ್ಟೇ” ಅಂದರು. ನಾಲ್ಕು ಜನ ನಕ್ಕರು. ನಡಾವಳಿ ಬರೆಯೋ ಗುಮಾಸ್ತ ನಾನು. ಸಾಹೇಬರ ಮಾತನ್ನ ಹಾಗೇ ಬರೆದು ಸಹಿಗೆ ಕಳಿಸಿದೆ. ಕರಡು ವಾಪಸ್ ಬಂತು, ಆ ಸಾಲಿಗೆ ಕೆಂಪು ಗೆರೆ ಹೊಡೆದು. ನೋಡಿ, ಕೋಣೆಯೊಳಗಿನ ಆನೆ ಅಂದ್ರೆ ಇದು. ಬಾಯಲ್ಲಿ ಇರುತ್ತೆ, ನಗುವಿನಲ್ಲಿ ಇರುತ್ತೆ, ಕಡತದಲ್ಲಿ ಇರಲ್ಲ.

ಈ ‘ಬಿಳಿ ಆನೆ’ ಮಾತು ಕೂಡ ಇಂಗ್ಲಿಷರದ್ದೇ. ಸಯಾಮಿನ ರಾಜ ತನಗಾಗದವರಿಗೆ ಬಿಳಿ ಆನೆ ಕೊಟ್ಟು, ಅದನ್ನ ಸಾಕಿ ಸಾಕಿ ಅವರು ದಿವಾಳಿ ಆಗಲಿ ಅಂತ ಬಿಡ್ತಿದ್ದನಂತೆ. ಅದು ಅವರು ಹೇಳೋ ಕಥೆ. ಸಯಾಮಿನ ಜನಕ್ಕೆ ಬಿಳಿ ಆನೆ ಪವಿತ್ರ, ಅವರ ಹಳೇ ಬಾವುಟದಲ್ಲೇ ಅದು ಇತ್ತು. ಬೌದ್ಧರಿಗೆ ಅದು ಮಹಾಮಾಯೆಯ ಕನಸು, ಬುದ್ಧ ಹುಟ್ಟೋ ಸೂಚನೆ. ಅದೇ ಆನೆ, ಒಬ್ಬರಿಗೆ ದಂಡದ ಖರ್ಚು, ಇನ್ನೊಬ್ಬರಿಗೆ ಹುಟ್ಟಲಿರೋ ಮಗು. ಹಾಸ್ಟೆಲ್ ಕೂಡ ಹಾಗೇ. ಕೂಲಿ ಮಾಡೋ ತಾಯಿಗೆ ಅದು ಕನಸು. ನಾನು ಬಿ.ಎ. ಮುಗಿಸಿದ್ದು ಅಂಥದೊಂದು ಹಾಸ್ಟೆಲಿನ ನೀರು ಸಾರು ಉಂಡೇ. ಇನ್ನು ಖರ್ಚಿನ ಮಾತು ಅಂದ್ರೆ, ನಮ್ಮ ಗಾದೆ ಸಾಕು: ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮಜ್ಜಿಗೆ ಅಳೆದು ಕೊಟ್ಟವರೇ ಆನೆ ದಂಡ ಅಂತಾರೆ.

ನಮಗೂ ಒಂದು ಆನೆ ಇದೆ. 1951-52ರ ಮೊದಲ ಮಹಾಚುನಾವಣೆಯಲ್ಲಿ ಬಾಬಾಸಾಹೇಬರ ಪರಿಶಿಷ್ಟ ಜಾತಿಗಳ ಒಕ್ಕೂಟದ ಗುರುತು ಆನೆ. 1984ರಲ್ಲಿ ಕಾನ್ಶಿರಾಮ್‌ಜಿ ಪಕ್ಷ ಕಟ್ಟಿದರು, ಮುಂದೆ ಅದರ ಗುರುತೂ ಆನೆಯೇ ಆಯ್ತು. 2018ರಲ್ಲಿ ನಮ್ಮ ಕೊಳ್ಳೇಗಾಲದಲ್ಲೂ ಆನೆ ಗೆದ್ದಿತು. ಪಕ್ಷದ ತಪ್ಪು ಒಪ್ಪು ಬೇರೆ ದಿನ ಮಾತಾಡೋಣ. ಆದರೆ 2012ರ ಉತ್ತರ ಪ್ರದೇಶ ಚುನಾವಣೆ ಹೊತ್ತಿಗೆ ಲಖನೌ, ನೋಯ್ಡಾ ಪಾರ್ಕುಗಳ ಕಲ್ಲಾನೆಗಳನ್ನ ಮುಚ್ಚಿ ಅಂತ ಚುನಾವಣಾ ಆಯೋಗ ಆದೇಶ ಮಾಡಿತು. ಬಟ್ಟೆ, ಪ್ಲಾಸ್ಟಿಕ್ ಸುತ್ತಿದರು. ಫೋಟೋ ನೋಡಿದವರಿಗೆ ನೆನಪಿರುತ್ತೆ. ಸುತ್ತಿದ ಮೇಲೂ ಸೊಂಡಿಲಿನ ಆಕಾರ ಹಾಗೇ ಕಾಣ್ತಿತ್ತು.

ಒಳ್ಳೆ ನೆನಪಿಗೆ ಟರ್ಕಿಯವರು ‘ಆನೆ ನೆನಪು’ ಅಂತಾರೆ. ಇಂಗ್ಲಿಷರೂ ಆನೆ ಮರೆಯಲ್ಲ ಅಂತಾರೆ. ಈ ಒಂದು ಅರ್ಥವನ್ನ ಮಾತ್ರ ಇಬ್ಬರಿಂದಲೂ ಪಡ್ಕೊಳ್ಳೋಣ. ಕೆಂಪು ಗೆರೆ ಹೊಡೆದ ಆ ಕರಡನ್ನ ನಾನು ಹರಿದು ಹಾಕಿಲ್ಲ.

ತಾಲ್ಲೂಕು ಕಚೇರಿ, ಪಂಚಾಯಿತಿ, ಕಾಲೇಜು, ಎಲ್ಲಿ ಕೆಲಸ ಮಾಡೋ ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ನನ್ನದೊಂದು ಮಾತು. ನಮ್ಮ ಮಕ್ಕಳ ಅನ್ನವನ್ನ, ಸ್ಕಾಲರ್‌ಶಿಪ್ಪನ್ನ ಯಾರಾದರೂ ಬಿಳಿ ಆನೆ ಅಂದರೆ ಜಗಳ ಆಡಬೇಡಿ. “ಸಾರ್, ಇದನ್ನ ನಡಾವಳಿಯಲ್ಲಿ ಬರೀಲಾ?” ಅಂತ ಕೇಳಿ. ಅಷ್ಟು ಸಾಕು. ಬರೆಯೋ ಕೆಲಸ ಹೆಚ್ಚಿನ ಕಡೆ ನಮ್ಮ ಕೈಯಲ್ಲೇ ಇದೆ.

ಜೈ ಭೀಮ್.