ಶನಿವಾರದ ಹಾಡು, ಆದಿತ್ಯವಾರದ ಹಾಡು

ಶನಿವಾರ ರಾತ್ರಿ ಮದುವೆಯ ಚಪ್ಪರಗಳಲ್ಲಿ ಆರ್ಕೆಸ್ಟ್ರಾದವರೊಡನೆ ಚಲನಚಿತ್ರಗೀತೆಗಳನ್ನು ಹಾಡುವುದು, ಆದಿತ್ಯವಾರ ಬೆಳಿಗ್ಗೆ ದೇವಾಲಯದ ಗಾಯನಮಂಡಲಿಯಲ್ಲಿ ನಿಂತು ಕೀರ್ತನೆಗಳನ್ನು ಹಾಡುವುದು. ಶಿಕ್ಷಕರ ತರಬೇತಿ ಮುಗಿಸಿ ಕೆಲಸಕ್ಕಾಗಿ ಕಾದಿದ್ದ ಮೂರು ವರ್ಷ ಇದೇ ನನ್ನ ಕ್ರಮವಾಗಿತ್ತು. ಮನೆಯ ಅಕ್ಕಿಯ ಲೆಕ್ಕ ಸರಿಹೋಗುತ್ತಿದ್ದುದು ಆ ಶನಿವಾರಗಳಿಂದಲೇ. ಒಂದು ದಿನ ಸಭೆಯ ಹಿರಿಯರೊಬ್ಬರು ದೇವಾಲಯದ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಎರಡು ಕಡೆಯೂ ಅದೇ ಗಂಟಲು ತಾನೆ, ಮಗಾ?" ಎಂದರು. ಕೋಪದಿಂದ ಕೇಳಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ. ಅವರು ಕೇಳಿದುದು ಮರುಕದಿಂದ.

ಆ ದಿನಗಳಲ್ಲಿಯೇ ಅಮೆರಿಕದ ಗಾಯಕಿ ಮಹೇಲಿಯಾ ಜ್ಯಾಕ್ಸನ್ನಳ ಜೀವನವೃತ್ತಾಂತವನ್ನು ಓದಿದೆನು. 1911ರಲ್ಲಿ ನ್ಯೂ ಆರ್ಲಿಯನ್ಸಿನ ಬಡ ಕರಿಯರ ಮನೆಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ಶಿಕಾಗೋ ಸೇರಿ, ಬಟ್ಟೆ ಒಗೆದು ಹೊಟ್ಟೆ ಹೊರೆದವಳು ಆಕೆ. 1937ರಲ್ಲಿ ಮುದ್ರಿಸಿದ ಭಕ್ತಿಗೀತೆಗಳ ತಟ್ಟೆಗಳು ಮಾರಾಟವಾಗಲಿಲ್ಲ. 'ಬ್ಲೂಸ್' ಎಂಬ ಲೌಕಿಕ ವಿಷಾದಗೀತೆಗಳನ್ನು ಹಾಡೆಂದು ಒತ್ತಾಯ ಬಂದರೂ, ಕುಡಿತದ ಕ್ಲಬ್ಬುಗಳಿಂದ ಕರೆ ಬಂದರೂ ಆಕೆ ಒಪ್ಪಲಿಲ್ಲ. ಹೆಂಗಸರ ಕೇಶಾಲಂಕಾರದ ಅಂಗಡಿಯಿಟ್ಟು ಬದುಕಿದಳು. 1947ರಲ್ಲಿ ಮುದ್ರಿತವಾದ ಒಂದು ಸುವಾರ್ತಾಗೀತೆ ಲಕ್ಷಗಟ್ಟಲೆ ಮಾರಾಟವಾದ ಮೇಲೆ ಜಗತ್ತು ಆಕೆಯನ್ನು ಹುಡುಕಿಕೊಂಡು ಬಂತು.

ಇಷ್ಟೇ ಆಗಿದ್ದರೆ ಅದು ಆದಿತ್ಯವಾರ ಶಾಲೆಯ ಕಥೆ. ಆದರೆ ಆಕೆ ಬಾಲ್ಯದಲ್ಲಿ ಕಿವಿಗೊಟ್ಟು ಕೇಳಿದುದು ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್‌ಳ ತಟ್ಟೆಗಳನ್ನು. ಆ ಕಂಠದ ಕಸುವು ಭಕ್ತಿಗೀತೆಯೊಳಗೂ ಉಳಿದಿತ್ತು. ಚಪ್ಪಾಳೆ ತಟ್ಟಿ ಮೈಯಾಡಿಸಿ ಹಾಡುತ್ತಾಳೆಂದು ಶಿಕಾಗೋದ ಪ್ರತಿಷ್ಠಿತ ಸಭೆಗಳೇ ಮೊದಲು ಮುಖ ಸಿಂಡರಿಸಿದುವು. (ಹಿರಿಯರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ.) ಮುಂದೆ 1958ರಲ್ಲಿ ನ್ಯೂಪೋರ್ಟಿನ ಜ್ಯಾಝ್ ಉತ್ಸವದಲ್ಲಿ ಹಾಡಿದಳು, 1959ರಲ್ಲಿ ಹಾಲಿವುಡ್ಡಿನ ಚಿತ್ರವೊಂದರ ಶವಸಂಸ್ಕಾರದ ದೃಶ್ಯದಲ್ಲಿಯೂ ಹಾಡಿದಳು.

ಇದನ್ನೋದಿ ನನಗೆ ಬಹಳ ಸಮಾಧಾನವಾಯಿತೆಂದೇ ಹೇಳಬೇಕು. ಜ್ಯಾಝ್ ವೇದಿಕೆ ಆಕೆಗೆ ಮೈಲಿಗೆಯಲ್ಲವಾದರೆ ಮದುವೆಯ ಚಪ್ಪರ ನನಗೇಕೆ ಮೈಲಿಗೆ? ಹೀಗೆ ವಾದಿಸಿಕೊಂಡು ಕೆಲವು ತಿಂಗಳು ನಿಶ್ಚಿಂತನಾಗಿದ್ದೆನು.

ಒಂದು ಶನಿವಾರ ತಂಡದ ಮುಖ್ಯಸ್ಥನು ಹಾಸ್ಯಕ್ಕೆಂದು, ನಮ್ಮ ಕೀರ್ತನೆಯೊಂದರ ರಾಗಕ್ಕೆ ಕುಡುಕನ ಮಾತುಗಳನ್ನು ಹೊಂದಿಸಿದ ಹಾಡನ್ನು ನನ್ನ ಕೈಗಿತ್ತನು. "ರಾಗ ನಿನಗೆ ಗೊತ್ತೇ ಇದೆಯಲ್ಲ" ಎಂದನು. ಗೊತ್ತಿತ್ತು, ಅಮ್ಮ ಒಲೆಯ ಮುಂದೆ ಗುನುಗುತ್ತಿದ್ದ ರಾಗ. ನಾನು ಹಾಡಿದೆನು. ಚಪ್ಪರವೆಲ್ಲ ನಕ್ಕಿತು. ಆ ರಾತ್ರಿ ಆರುನೂರು ರೂಪಾಯಿ ಸಿಕ್ಕಿತು, ಎಂದಿಗಿಂತ ನೂರು ಹೆಚ್ಚು.

ಮರುದಿನ ದೇವಾಲಯದಲ್ಲಿ ಅದೇ ಕೀರ್ತನೆ ಬಂತು. ಎದ್ದು ನಿಂತೆ, ಪುಸ್ತಕ ತೆರೆದೆ, ಬಾಯಿ ತೆರೆಯಲಾಗಲಿಲ್ಲ. ಮಹೇಲಿಯಾ ಪರರ ವೇದಿಕೆಗೆ ಹೋದರೂ ತನ್ನ ಹಾಡನ್ನೇ ಒಯ್ದಿದ್ದಳು. ನಾನು ನನ್ನ ಹಾಡನ್ನು ಅಲ್ಲಿ ಮಾರಿ ಬಂದಿದ್ದೆ.

ಮುಂದಿನ ವಾರ ಆ ಹಾಸ್ಯವನ್ನು ಹಾಡಲಾರೆನೆಂದೆನು, ಉಳಿದುದನ್ನೆಲ್ಲ ಹಾಡುವೆನೆಂದೆನು. ಮುಖ್ಯಸ್ಥನು ಜಗಳವಾಡಲಿಲ್ಲ, ಮತ್ತೆ ಕರೆಯಲೂ ಇಲ್ಲ. ಕೆಲಸ ಸಿಗುವವರೆಗಿನ ಹನ್ನೊಂದು ತಿಂಗಳು ಅಮ್ಮ ಅಂಗಡಿಯಲ್ಲಿ ಸಾಲ ಹೇಳಿ ಅಕ್ಕಿ ತಂದಳು; ಕಾರಣವನ್ನು ಒಮ್ಮೆಯೂ ಕೇಳಲಿಲ್ಲ.

ಈಗಲೂ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಬೇಡಿದರೆ ಹಳೆಯ ಚಿತ್ರಗೀತೆಯೊಂದನ್ನು ಸಂತೋಷದಿಂದಲೇ ಹಾಡುತ್ತೇನೆ. ಆ ಹಿರಿಯರಿಗೆ ಕಿವಿ ಮಂದವಾಗಿದೆ. ಆದಿತ್ಯವಾರ ನಾನು ಹಾಡಲೆದ್ದರೆ ಕೋಲೂರಿಕೊಂಡು ಮುಂದಿನ ಬೆಂಚಿಗೆ ಬಂದು ಕೂರುತ್ತಾರೆ.