ಬಿಸಿಲ್ಗುದುರೆಯ ಸವಾರರು

ಪಕ್ಷಿಗಳು ಪಣವೊಡ್ಡಿ ಹಾರಿದ ಕಥೆಗಳು ನಮ್ಮ ಇತಿಹಾಸಗ್ರಂಥಗಳಲ್ಲಿ ಎರಡು ಪ್ರಸಿದ್ಧವಾಗಿವೆ. ಕಿಷ್ಕಿಂಧಾಕಾಂಡದಲ್ಲಿ ಸಂಪಾತಿ ಜಟಾಯುಗಳೆಂಬ ಅಣ್ಣತಮ್ಮಂದಿರು ಸೂರ್ಯನನ್ನು ಬೆನ್ನಟ್ಟುವೆವೆಂದು ಮೇಲೇರಿದರು. ನಡುಹಗಲಿನ ಉರಿಗೆ ತಮ್ಮನು ಮೂರ್ಛೆಹೋಗಲು, ಅಣ್ಣನು ತನ್ನ ರೆಕ್ಕೆಗಳನ್ನು ಅವನ ಮೇಲೆ ಕವಿಸಿ ಕಾಪಾಡಿ, ತಾನು ರೆಕ್ಕೆ ಸುಟ್ಟುಕೊಂಡು ವಿಂಧ್ಯದ ಮೇಲೆ ಬಿದ್ದನು. ಕರ್ಣಪರ್ವದಲ್ಲಿ ಶಲ್ಯನು ಕರ್ಣನನ್ನು ಹಂಗಿಸಲು ಹೇಳುವುದು ಕಾಗೆ ಹಂಸಗಳ ಪಂದ್ಯ. ಕಾಗೆಯು ನೂರೊಂದು ಬಗೆಯ ಹಾರಾಟಗಳು ತನಗೆ ಬರುವುವೆಂದು ಕೊಚ್ಚಿಕೊಂಡಿತು. ಹಂಸವು ತನಗೆ ಒಂದೇ ಬಗೆ ಗೊತ್ತೆಂದಿತು. ಸಮುದ್ರದ ನಡುವೆ ಕಾಗೆಯ ರೆಕ್ಕೆ ಸೋತಾಗ ಹಂಸವೇ ಅದನ್ನು ಬೆನ್ನ ಮೇಲೆ ಹೊತ್ತು ತರಬೇಕಾಯಿತು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಪ್ರಡೀನ, ಉಡ್ಡೀನ, ಸಂಡೀನ ಎಂಬ ಖಗಗತಿಗಳ ಹೆಸರುಗಳು ನೆನಪಿರಬಹುದು. ನಾವು ಮೂವತ್ತು ವರ್ಷಕಾಲ ಇವನ್ನು ಹುಡುಗರಿಗೆ ಪಾಠ ಹೇಳಿದ್ದುಂಟು. ಕಣ್ಣಾರೆ ನೋಡಬೇಕಾದರೆ ಚೈತ್ರಮಾಸದಲ್ಲಿ ಮಂಡ್ಯ ಜಿಲ್ಲೆಗೆ ಹೋಗಬೇಕಾಯಿತು.

ಮನುಷ್ಯರೂ ಈಗ ಅಂತಹ ಪಂದ್ಯಗಳನ್ನು ನಡೆಸುತ್ತಾರೆ. ಗ್ಲೈಡರ್ ಎಂಬುದು ಇಂಜಿನಿನ ಬಲವನ್ನು ನಂಬದ, ನೀಳವಾದ ರೆಕ್ಕೆಗಳುಳ್ಳ ವಿಮಾನ. ಸಾಮಾನ್ಯವಾಗಿ ಬೇರೊಂದು ವಿಮಾನವು ಅದನ್ನು ಹಗ್ಗದಿಂದ ಎಳೆದು ಒಂದಷ್ಟು ಎತ್ತರದಲ್ಲಿ ಬಿಟ್ಟುಬಿಡುತ್ತದೆ. ಅಲ್ಲಿಂದ ಮುಂದೆ ಬಿಸಿಲೇ ಗತಿ. ನೆಲ ಕಾದರೆ ಅದನ್ನು ಮುಟ್ಟಿದ ಗಾಳಿಯೂ ಕಾದು, ಹಗುರವಾಗಿ, ಕಣ್ಣಿಗೆ ಕಾಣದ ಕಂಬದಂತೆ ಮೇಲಕ್ಕೇಳುವುದಷ್ಟೆ. ಹಾರುವವನು ಆ ಕಂಬದೊಳಗೆ ಸುತ್ತು ಹಾಕುತ್ತ ಮೇಲೇರಿ, ಅದರ ನೆತ್ತಿಯಿಂದ ಮುಂದಿನ ಕಂಬದ ಕಡೆಗೆ ಜಾರಿಕೊಂಡು ಹೋಗುತ್ತಾನೆ. ಒಳ್ಳೆಯ ಗ್ಲೈಡರು ಒಂದು ಕಿಲೋಮೀಟರು ಕೆಳಗಿಳಿಯುವಷ್ಟರಲ್ಲಿ 50 ಕಿಲೋಮೀಟರು ಮುಂದೆ ಸಾಗಬಲ್ಲದು. ಜರ್ಮನಿಯ ವಾಸರ್‌ಕುಪ್ಪೆ ಬೆಟ್ಟದಲ್ಲಿ 1937ರಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯವು ನಡೆಯಿತು. ಅಮೆರಿಕದ ಟೆಕ್ಸಾಸ್ ಸೀಮೆಯ ಯುವಾಲ್ಡಿ ಎಂಬ ಊರಿನಲ್ಲಿ 2012ರಲ್ಲಿಯೂ 2024ರಲ್ಲಿಯೂ ಜಗತ್ತಿನ ಪಂದ್ಯವು ನಡೆದಾಗ, ಜನರು ನೆರಳು ಹುಡುಕುವ ಆಗಸ್ಟ್ ತಿಂಗಳನ್ನೇ ಅದಕ್ಕೆ ಆರಿಸಿದ್ದರು. ಉರಿ ಹೆಚ್ಚಿದಷ್ಟೂ ಗಾಳಿಯ ಕಂಬ ಬಲವಾಗುವುದಲ್ಲವೆ? ಪಂದ್ಯದವರು ನಕ್ಷೆಯ ಮೇಲೆ ಎರಡು ಮೂರು ಸ್ಥಳಗಳನ್ನು ಗುರುತಿಸಿ, ಅವನ್ನು ಸುತ್ತಿ ಹಿಂದಿರುಗಿರೆನ್ನುತ್ತಾರೆ. ಬೇಗ ಬಂದವನು ಗೆದ್ದ. ಮದ್ದೂರು, ಮಂಡ್ಯ, ಮಳವಳ್ಳಿಗಳನ್ನು ಗೆರೆಯೆಳೆದು ಕೂಡಿಸಿದರೆ ಅಂತಹದೇ ಪುಟ್ಟ ತ್ರಿಕೋಣವಾಗುತ್ತದೆ. ರಸ್ತೆಯ ಮೇಲೆ ಸುಮಾರು 80 ಕಿಲೋಮೀಟರು. ಪಂದ್ಯದ ಗ್ಲೈಡರಿಗೆ ಒಂದು ಗಂಟೆಯ ಕೆಲಸವೂ ಅಲ್ಲ. ನಮಗೆ ಒಂದು ಹಗಲು ಹಿಡಿಯಿತು.

ಈ ಮೂಲೆಯನ್ನೇ ಏಕೆ ಆರಿಸಿಕೊಂಡೆವೆಂದರೆ, ಗ್ಲೈಡರ್ ವಿದ್ಯೆಯ ಆದಿಗುರು ಕೊಕ್ಕರೆ. ಜರ್ಮನಿಯ ಓಟೋ ಲಿಲಿಯೆಂಥಾಲನು ಕೊಕ್ಕರೆಗಳ ಹಾರಾಟವನ್ನು ವರ್ಷಗಟ್ಟಲೆ ಪರೀಕ್ಷಿಸಿ 1889ರಲ್ಲಿ ಹಕ್ಕಿಗಳ ಹಾರಾಟದ ಮೇಲೆ ಗ್ರಂಥವನ್ನು ಬರೆದನು; ತಾನೇ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಜಾರಿ ಜಾರಿ ಹಾರಿ, ಕಡೆಗೆ 1896ರಲ್ಲಿ ಹಾಗೆಯೇ ಬಿದ್ದು ಪ್ರಾಣಬಿಟ್ಟನು. ಆ ಗುರುಕುಲದ ಹತ್ತಿರದ ಬಂಧುಗಳು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮನೆಯ ಹಿತ್ತಲುಗಳಲ್ಲಿಯೇ ಸಂಸಾರ ಹೂಡಿವೆ. ಬಣ್ಣದ ಕೊಕ್ಕರೆ ಒಂದು. ಅದಕ್ಕಿಂತ ಭಾರವಾದ ಹೆಜ್ಜಾರ್ಲೆ ಇನ್ನೊಂದು.

ನಮ್ಮ ಹಳೆಯ ಶಿಷ್ಯರೊಬ್ಬರ ಮೋಟಾರಿನಲ್ಲಿ ಹೊರಟು, ರುದ್ರಾಕ್ಷಿಪುರದ ಬಳಿ ಹೆದ್ದಾರಿಯನ್ನು ಬಿಟ್ಟು, ಸುಮಾರು 12 ಕಿಲೋಮೀಟರು ಒಳಗೆ ಹೋಗಿ, ಬೆಳಗಿನ ಏಳು ಗಂಟೆಗೆ ಊರನ್ನು ಸೇರಿದೆವು. ಶಿಂಷಾ ನದಿಯು ಊರಿಗೆ ಹತ್ತಿರ. ಹುಣಿಸೆಮರಗಳೂ ಆಲ ಅರಳಿಗಳೂ ಮನೆಗಳ ನಡುವೆಯೇ ನಿಂತಿವೆ. ಒಂದೊಂದರ ನೆತ್ತಿಯ ಮೇಲೂ ಗೂಡುಗಳು. ಕೆಳಗೆ ಎಮ್ಮೆ ಕಟ್ಟಿದೆ, ಮಕ್ಕಳು ಆಡುತ್ತಿದ್ದಾರೆ, ಮೇಲಿನಿಂದ ಹಿಕ್ಕೆಯೂ ಮೀನಿನ ಚೂರುಗಳೂ ಬೀಳುತ್ತಲೇ ಇವೆ. ವಾಸನೆಯ ವಿಷಯವನ್ನು ಹೆಚ್ಚು ಹೇಳಬಾರದು. ಬರತಕ್ಕವರು ಅದಕ್ಕೆ ಸಿದ್ಧರಾಗಿ ಬರುವುದು ಒಳ್ಳೆಯದು. ಆ ಹಿಕ್ಕೆಯನ್ನು ಕೆರೆಗೋಡಿನೊಡನೆ ಬೆರೆಸಿ ಹೊಲಕ್ಕೆ ಗೊಬ್ಬರ ಹಾಕುವುದು ಇಲ್ಲಿನ ಹಳೆಯ ಪದ್ಧತಿ.

ಮಳೆಗಾಲವು ಹಿಂದೆಗೆದ ಮೇಲೆ ಹೆಜ್ಜಾರ್ಲೆಗಳು ಬಂದು ಗೂಡು ಹೂಡುವುವು, ಕೊಕ್ಕರೆಗಳು ಆಮೇಲೆ. ನಾವು ಹೋದಾಗ ಮರಿಗಳು ಬಲಿತು, ಹೊಟ್ಟೆಬಾಕತನದ ಪರಮಾವಧಿಯಲ್ಲಿದ್ದುವು. ಒಂದು ಜಗುಲಿಯ ಮೇಲೆ ರಾಗಿ ಹಸನು ಮಾಡುತ್ತಿದ್ದ ಮುದುಕಿಯನ್ನು, “ಅಜ್ಜೀ, ಹುಣಿಸೆಹಣ್ಣೆಲ್ಲ ಹಾಳಾಗುವುದಲ್ಲ, ಬೇಸರವಿಲ್ಲವೆ?” ಎಂದು ಕೇಳಿದೆವು.

“ಬಾಣಂತನಕ್ಕೆ ತವರಿಗೆ ಬಂದವ್ರೆ ಸ್ವಾಮಿ. ಬಂದ ಹೆಣ್ಮಕ್ಳಿಗೆ ನೆಳ್ಳಿಲ್ದಂಗೆ ಮಾಡಕಾಯ್ತದಾ?” ಎಂದಳು.

ಪಕ್ಕದಲ್ಲಿ ನಿಂತಿದ್ದ ಮೊಮ್ಮಗನ ಮಾತು ಬೇರೆ: “ಅಜ್ಜಿಗೇನು ಮೇಷ್ಟ್ರೇ, ಹೇಳ್ತದೆ. ನಂಗೆ ಮನೆ ಕಟ್ಟಬೇಕು. ಮರ ಇರೋ ಜಾಗ ಬಿಟ್ರೆ ಬೇರೆ ಜಾಗ ಎಲ್ಲದೆ?”

ಇವರಿಬ್ಬರ ಮಾತೂ ನ್ಯಾಯವಾದುದೆ. ಆ ಊರಿನ ವ್ಯಾಜ್ಯವೆಲ್ಲ ಇದರಲ್ಲಿ ಅಡಗಿದೆ. ಪ್ಲೇಗಿನ ಕಾಲದಲ್ಲಿ ಊರು ಹಳೆಯ ಸ್ಥಳವನ್ನು ಬಿಟ್ಟು ಈಗಿನ ಸ್ಥಳಕ್ಕೆ ಬರಲು, ಹಕ್ಕಿಗಳೂ ಹಿಂದೆಯೇ ಬಂದುವೆಂದು ಊರವರು ಹೇಳುತ್ತಾರೆ. ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ಹಕ್ಕಿಗಳನ್ನು ಹೊರಗಿನ ಲೋಕದ ಗಮನಕ್ಕೆ ತಂದರು. ಮರದ ಒಡೆಯರಿಗೆ ಫಸಲಿನ ನಷ್ಟಕ್ಕಾಗಿ ಅರಣ್ಯ ಇಲಾಖೆಯಿಂದ ಹಣ ಕೊಡುವ ಏರ್ಪಾಡೂ ಆಯಿತು. ಊರವರದೇ ಆದ ಹೆಜ್ಜಾರ್ಲೆ ಬಳಗವು ಗೂಡಿನಿಂದ ಬಿದ್ದ ಮರಿಗಳಿಗೆ ಮೀನುಣಿಸಿ, ಬೆಳೆಸಿ, ಹಾರಿಬಿಟ್ಟಿದೆ. 2007ರಲ್ಲಿ ಸರ್ಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಘೋಷಣೆ ಕಾಗದದ ಮೇಲಿರುವುದು. ಮರ ಮಾತ್ರ ಮೊಮ್ಮಗನ ಹಿತ್ತಲಲ್ಲಿದೆ.

ಒಂಬತ್ತು ಗಂಟೆಯವರೆಗೆ ದೊಡ್ಡ ಹಕ್ಕಿಗಳು ಹೊರಡುವ ಅವಸರವನ್ನೇ ತೋರಿಸಲಿಲ್ಲ. ಹೆಜ್ಜಾರ್ಲೆಯ ತೂಕ ನಾಲ್ಕರಿಂದ ಆರು ಕಿಲೋಗ್ರಾಂವರೆಗೆ. ಬಿಚ್ಚಿದ ರೆಕ್ಕೆಗಳ ಅಗಲ ಎರಡು ಮೀಟರಿಗೂ ಮೀರಿದ್ದು. ಇಂತಹ ದೇಹವನ್ನು ರೆಕ್ಕೆ ಬಡಿದು ದೂರ ಒಯ್ಯುವುದೆಂದರೆ ತಿಂದ ಮೀನೆಲ್ಲ ದಾರಿಯ ಖರ್ಚಿಗೇ ಹೋದೀತು. ಆದುದರಿಂದ ಅವು ಬಿಸಿಲಿಗಾಗಿ ಕಾಯುತ್ತವೆ. ಆಗ್ರಾ ಪಟ್ಟಣದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿಯು ಈ ಕಾಯುವಿಕೆಯನ್ನು ದಿನದಿನವೂ ಗಮನಿಸಿ 1913ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದಾನೆ: ಬಿಸಿಲೇರುತ್ತಿದ್ದಂತೆ ಮೊದಲು ಹಗುರವಾದ ಹದ್ದುಗಳು ತೇಲತೊಡಗುವುವು, ಭಾರವಾದ ರಣಹದ್ದುಗಳ ಸರದಿ ಆಮೇಲೆ. ನಾವು ಕಂಡದ್ದೂ ಅಂತೆಯೇ. ಒಂಬತ್ತಕ್ಕೆ ಮೊದಲೇ ಹದ್ದೊಂದು ಊರಿನ ಆಚೆಯ ಕಲ್ಲುಹೊಲದ ಮೇಲೆ ಸುತ್ತತೊಡಗಿತು. ಒಂಬತ್ತೂಮುಕ್ಕಾಲಿಗೆ ಕೊಕ್ಕರೆಗಳು ಎದ್ದುವು. ಹತ್ತು ಗಂಟೆ ಕಳೆದ ಮೇಲೆ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಬಿದ್ದಂತೆ ಜಿಗಿದು, ಹತ್ತಾರು ಬಾರಿ ಧಪಧಪನೆ ರೆಕ್ಕೆ ಬಡಿದು, ಹದ್ದು ತೋರಿಸಿದ ಸ್ಥಳಕ್ಕೇ ಹೋಗಿ ಸೇರಿಕೊಂಡುವು. ಆಮೇಲೆ ರೆಕ್ಕೆಗಳು ಅಲುಗಲೇ ಇಲ್ಲ. ಹನ್ನೊಂದು ಹೆಜ್ಜಾರ್ಲೆಗಳು ಒಂದೇ ಸುತ್ತಿನಲ್ಲಿ, ಒಂದರ ಮೇಲೊಂದು ಮೆಟ್ಟಿಲಾಗಿ ಏರಿಹೋದುವು. ಪಂದ್ಯದ ಗ್ಲೈಡರುಗಳೂ ಹೀಗೆಯೇ ಒಬ್ಬನು ಕಂಡ ಕಂಬಕ್ಕೆ ಉಳಿದವರೆಲ್ಲರೂ ನುಗ್ಗುತ್ತಾರಂತೆ. ಹಕ್ಕಿ ಸುತ್ತುವುದನ್ನು ಕಂಡರೆ ಹಕ್ಕಿಯನ್ನೂ ನಂಬುತ್ತಾರೆ.

ಅಮೆರಿಕದ ಪಾಲ್ ಮೆಕ್‌ಕ್ರೆಡಿಯವರು 1956ರಲ್ಲಿ ಫ್ರಾನ್ಸಿನಲ್ಲಿ ನಡೆದ ಪಂದ್ಯದಲ್ಲಿ ಜಗತ್ತಿಗೇ ಮೊದಲಿಗರಾದವರು. ಮುಂದಿನ ಕಂಬ ಬಲವಾಗಿದ್ದೀತೆಂದು ತೋರಿದರೆ ಎತ್ತರ ಹೋದರೂ ಚಿಂತೆಯಿಲ್ಲ, ವೇಗವಾಗಿ ಜಾರು. ದುರ್ಬಲವೆಂದು ತೋರಿದರೆ ಮೆಲ್ಲಗೆ ಜಾರಿ ಎತ್ತರವನ್ನು ಉಳಿಸಿಕೋ, ಎಂಬ ಲೆಕ್ಕವನ್ನು ಗ್ಲೈಡರಿನವರಿಗೆ ಕೊಟ್ಟವರು ಅವರೇ. 1976ರ ಬೇಸಗೆಯಲ್ಲಿ ಅವರು ಹೆಂಡತಿಮಕ್ಕಳೊಡನೆ ಮೋಟಾರು ಪ್ರವಾಸ ಮಾಡುತ್ತ, ದಾರಿಯಲ್ಲಿ ಕಂಡ ಹಕ್ಕಿಗಳು ಒಂದು ಸುತ್ತಿಗೆ ಎಷ್ಟು ಸೆಕೆಂಡು ತೆಗೆದುಕೊಳ್ಳುವುವೆಂದು ಎಣಿಸಿದರು. ಮರುವರ್ಷ ಅವರು ಕಟ್ಟಿದ ವಿಮಾನವನ್ನು ಮನುಷ್ಯನೊಬ್ಬನು ಸೈಕಲ್ಲಿನಂತೆ ತುಳಿದು ಹಾರಿಸಿದನು. ನಾವೂ ಕೈಗಡಿಯಾರವನ್ನು ಹಿಡಿದೆವು: ಹೆಜ್ಜಾರ್ಲೆಯ ಒಂದು ಸುತ್ತಿಗೆ ಹದಿನಾರರಿಂದ ಹದಿನೆಂಟು ಸೆಕೆಂಡು. ನಾಲ್ಕೈದು ನಿಮಿಷಗಳಲ್ಲಿ ಅವು ಎಳ್ಳಿನ ಕಾಳಾಗಿ, ಅಲ್ಲಿಂದ ತೈಲೂರು ಕೆರೆಯ ದಿಕ್ಕಿಗೆ ನೇರವಾಗಿ ಜಾರಿದುವು.

ನಮ್ಮ ಶಿಷ್ಯರು ಧೂಳೆಬ್ಬಿಸಿಕೊಂಡು ಅಟ್ಟಿದರು. ಕೆರೆಯ ಏರಿಯ ಮೇಲೆ ನಾವು ಇಳಿಯುವಷ್ಟರಲ್ಲಿ ಹಕ್ಕಿಗಳು ನೀರಿನಲ್ಲಿದ್ದುವು. ನೀರೇನೂ ಹೆಚ್ಚಿರಲಿಲ್ಲ, ಅಂಚಿನ ಕೆಸರು ಒಡೆದು ಬಿರುಕು ಬಿಟ್ಟಿತ್ತು. ಸಾಲುಗಟ್ಟಿ ಈಜಿ ಮೀನುಗಳನ್ನು ದಡಕ್ಕೆ ಒತ್ತರಿಸಿ, ಒಟ್ಟಿಗೇ ಕೊಕ್ಕಿನ ಚೀಲವನ್ನು ಮುಳುಗಿಸುವ ಅವುಗಳ ಸಹಕಾರವನ್ನು ನೋಡಿಯೇ ತಿಳಿಯಬೇಕು. ಹಿಡಿದ ಮೀನು ಚೀಲದಲ್ಲಿ ಉಳಿಯದು, ಹೊಟ್ಟೆಗಿಳಿಯುತ್ತದೆ. ಗೂಡಿನಲ್ಲಿ ಮರಿಗಳಿಗೆ ಅದನ್ನೇ ಕಕ್ಕಿ ಉಣಿಸುವುವು. ಪಂದ್ಯದ ಗ್ಲೈಡರಿನವರೂ ಬಿಸಿಲು ಬಲವಾದ ದಿನ ರೆಕ್ಕೆಗಳೊಳಗೆ ನೀರು ತುಂಬಿಕೊಂಡು ಭಾರವಾಗಿ ಹಾರುತ್ತಾರೆ. ಭಾರವಾದರೆ ಜಾರುವ ವೇಗ ಹೆಚ್ಚು. ಕಂಬಗಳು ದುರ್ಬಲವಾದಾಗ ಅವರು ಆ ನೀರನ್ನು ಚೆಲ್ಲಿ ಹಗುರವಾಗಬಹುದು. ಹೆಜ್ಜಾರ್ಲೆ ತನ್ನ ಹೊರೆಯನ್ನು ಚೆಲ್ಲಿದರೆ ಮರಿಗಳು ಉಪವಾಸ.

ಮದ್ದೂರಿನಲ್ಲಿ ವಡೆ ತಿನ್ನದೆ ಮುಂದೆ ಹೋಗುವುದು ಶಾಸ್ತ್ರಸಮ್ಮತವಲ್ಲವಾದ್ದರಿಂದ ಅಲ್ಲಿ ಅರ್ಧ ಗಂಟೆ ಕಳೆಯಿತು. ಊರನ್ನು ಬಳಸಿ ಹೋಗುವ ಹೊಸ ಹೆದ್ದಾರಿಯು 2023ರಲ್ಲಿ ಉದ್ಘಾಟನೆಯಾದದ್ದು. ಅದರ ಡಾಂಬರಿನ ಮೇಲೆ ಬಿಸಿಲ್ಗುದುರೆಯು ನೀರಿನಂತೆ ಹರಿಯುತ್ತಿತ್ತು. ಮೇಲುಗಡೆ ಎರಡು ಹದ್ದುಗಳು ತೇಲುತ್ತಿದ್ದುವು. ಜಿಂಕೆಗಳನ್ನು ವಂಚಿಸುವುದೆಂದು ಕವಿಗಳು ಹಳಿದ ಮೃಗತೃಷ್ಣೆಗೂ ಈ ಹಕ್ಕಿಗಳನ್ನು ಹೊರುವ ಗಾಳಿಗೂ ಹುಟ್ಟು ಒಂದೇ ಕಾದ ನೆಲ.

ಅಲ್ಲಿಂದ ಮಂಡ್ಯದವರೆಗಿನ 20 ಕಿಲೋಮೀಟರಿನಲ್ಲಿ ತೇಲುವ ಹಕ್ಕಿಗಳು ಅಪೂರ್ವವಾದುವು. ವಿಶ್ವೇಶ್ವರಯ್ಯ ನಾಲೆಯ ಬಯಲಿದು. ಕಬ್ಬು, ಭತ್ತ, ತೆಂಗು. ಕಣ್ಣಿಗೆ ತಂಪು, ಆದರೆ ಒದ್ದೆನೆಲವು ಬಿಸಿಲಿನ ಶಕ್ತಿಯನ್ನು ನೀರನ್ನು ಆವಿಮಾಡುವುದಕ್ಕೇ ವೆಚ್ಚಮಾಡುವುದರಿಂದ ಗಾಳಿಯು ಬಲವಾಗಿ ಕಾಯುವುದಿಲ್ಲ. ಗ್ಲೈಡರಿನವರು ಇಂತಹ ನೀರಾವರಿಯ ಬಯಲನ್ನು ದೂರದಿಂದಲೇ ಕಂಡು ಬಳಸಿಕೊಂಡು ಹೋಗುತ್ತಾರೆ. ಬೆಳ್ಳಕ್ಕಿಗಳು ರೆಕ್ಕೆ ಬಡಿದುಕೊಂಡು ಗದ್ದೆಯಿಂದ ಗದ್ದೆಗೆ ಹೋಗುತ್ತಿದ್ದುವು. ಒಂದೆಡೆ ಕಬ್ಬಿನ ತರಗಿಗೆ ಬೆಂಕಿಯಿಟ್ಟಿದ್ದರು. ಆ ಹೊಗೆಯ ನೆತ್ತಿಯಲ್ಲಿ ಮಾತ್ರ ಹದ್ದುಗಳು ನೆರೆದಿದ್ದುವು. ಮಂಡ್ಯದಲ್ಲಿ ಒಂದು ಗಂಟೆಯ ಬಿಸಿಲಿಗೆ ರಸ್ತೆಯೇ ಬರಿದಾಗಿತ್ತು. ಎಳನೀರು ಕುಡಿದು ಮಳವಳ್ಳಿಯ ದಾರಿ ಹಿಡಿದೆವು.

ನಾಲೆಯ ಹಸುರು ಹಿಂದಾಗಿ ಬೆದ್ದಲು ಹೊಲಗಳೂ ಬೋಳುಬಂಡೆಗಳೂ ಬಂದಂತೆ ಆಕಾಶಕ್ಕೆ ಮತ್ತೆ ಜೀವ ಬಂದಿತು. ಮಳವಳ್ಳಿಗೆ ಇನ್ನೂ ಸ್ವಲ್ಪ ದೂರವಿರುವಾಗ, ಉತ್ತುಬಿಟ್ಟ ಕೆಮ್ಮಣ್ಣಿನ ಹೊಲವೊಂದರ ಮೇಲೆ ಏಳು ಬಣ್ಣದ ಕೊಕ್ಕರೆಗಳನ್ನು ಕಂಡು ಮೋಟಾರನ್ನು ನಿಲ್ಲಿಸಿದೆವು. ಕತ್ತು ಮುಂದೆ, ಕಾಲು ಹಿಂದೆ, ಬಾಲದ ಬಳಿಯ ಗುಲಾಬಿ ಬಣ್ಣ ಬಿಸಿಲಿಗೆ ಮಿಂಚುತ್ತಿತ್ತು. ಒಣಗಾಳಿಯು 100 ಮೀಟರು ಏರಿದರೆ ಸುಮಾರು ಒಂದು ಡಿಗ್ರಿಯಷ್ಟು ತಣ್ಣಗಾಗುವುದರಿಂದ, ನಾವು ಕೊಡೆ ಹಿಡಿದು ಬೇಯುತ್ತಿರಲು, ಒಂದು ಕಿಲೋಮೀಟರು ಮೇಲಿರುವ ಹಕ್ಕಿಗೆ ಹತ್ತು ಡಿಗ್ರಿಯಷ್ಟು ತಂಪು. ಸಂಪಾತಿಯ ಕಥೆಯನ್ನು ಪಾಠ ಹೇಳುವವರು ಈ ಲೆಕ್ಕವನ್ನೂ ಹೇಳಬಹುದು. ಆದರೆ ಅಣ್ಣನು ತಮ್ಮನಿಗೆ ರೆಕ್ಕೆ ಕವಿಸಿದ ಭಾಗಕ್ಕೆ ಯಾವ ತಿದ್ದುಪಡಿಯೂ ಬೇಡ. ಆ ಬೆಳಿಗ್ಗೆ ಬೆಳ್ಳೂರಿನ ಗೂಡುಗಳಲ್ಲಿ ತಾಯಿಕೊಕ್ಕರೆಗಳು ಸೂರ್ಯನಿಗೆ ಬೆನ್ನುಕೊಟ್ಟು, ರೆಕ್ಕೆಗಳನ್ನು ಕೊಡೆಯಂತೆ ಬಿಚ್ಚಿ, ಮರಿಗಳ ಮೇಲೆ ನೆರಳು ಹಿಡಿದು ನಿಂತಿದ್ದನ್ನು ನಾವು ಕಂಡಿದ್ದೆವು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ತಂತಿ ಕಂಬಗಳ ಸಾಲು ಈ ಸೀಮೆಗೆ ಹೊಸದಲ್ಲ. ಗಗನಚುಕ್ಕಿಯನ್ನು ನೋಡುವ ಆಸೆಯನ್ನು ಶಿಷ್ಯರು ತೋರಿಸಿದರೂ, ಬೇಸಗೆಯಲ್ಲಿ ಅಲ್ಲಿ ಬಂಡೆಯೇ ಹೆಚ್ಚೆಂದು ಬಿಟ್ಟುಬಿಟ್ಟೆವು. ಈಗ ಹೊಲಹೊಲಕ್ಕೂ ಪಂಪುಸೆಟ್ಟಿನ ತಂತಿ. ಎತ್ತರದಲ್ಲಿ ತೇಲುವಾಗ ಹಕ್ಕಿಗೆ ಅದರ ಭಯವಿಲ್ಲ. ಬಿಸಿಲು ಇಳಿದು ಕಂಬಗಳು ಕರಗಿ, ತುಂಬಿದ ಹೊಟ್ಟೆಯೊಡನೆ ತಗ್ಗಿನಲ್ಲಿ ರೆಕ್ಕೆ ಬಡಿಯುತ್ತ ಮನೆಗೆ ಹೋಗಬೇಕಾದ ಸಂಜೆಯೇ ಅಪಾಯದ ಹೊತ್ತು.

ಐದು ಗಂಟೆಗೆ ಮಳವಳ್ಳಿಯಿಂದ ಮದ್ದೂರಿನ ರಸ್ತೆಯಲ್ಲಿ ಹಿಂದಿರುಗುವಾಗ ನಾಲ್ಕು ಹೆಜ್ಜಾರ್ಲೆಗಳು ತೆಂಗಿನ ತಲೆಯೆತ್ತರದಲ್ಲಿ ರಸ್ತೆಯನ್ನು ಅಡ್ಡಹಾಯ್ದುವು. ಮುಂದಿನದು ಆರು ಬಾರಿ ಬಡಿದು ಒಂದು ಕ್ಷಣ ತೇಲುವುದು. ಹಿಂದಿನ ಮೂರೂ ಅದೇ ತಾಳವನ್ನು ಹಿಡಿಯುವುವು. ತಂತಿ ಎದುರಾದಾಗ ಮೂರು ಮೇಲೇರಿ ದಾಟಿದುವು. ಕೊನೆಯದು ಏರಲಾರದೆ, ಅಗಲವಾಗಿ ಒಂದು ಸುತ್ತು ಹಾಕಿ, ಎರಡನೆಯ ಸಲಕ್ಕೆ ತಂತಿಯ ಕೆಳಗಿನಿಂದ ನುಸುಳಿ ಬೆಳ್ಳೂರಿನ ಕಡೆಗೆ ಹೋಯಿತು.